ಕೌನ್ಸಿಲರ್ ಸ್ನಾನಕ್ಕೆ ಹೋಗಿದ್ದಾರೆ

ಅಮ್ಮ ಕೌನ್ಸಿಲರ್ ಆದದ್ದು ಅವಳ ಆಸೆಯಿಂದಲ್ಲ. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ನಮ್ಮ ಜನದ ಹಿರಿಯರು ಚೌಡೇಶ್ವರಿಯ ಗುಡಿ ಮಂಟಪದಲ್ಲಿ ಕೂತು, ಯಾರ ಹೆಂಡತಿಯನ್ನು ನಿಲ್ಲಿಸುವುದೆಂದು ಮಾತಾಡಿದರು. ಪವರ್‌ಲೂಮ್ ಇಟ್ಟುಕೊಂಡು ನಾಲ್ಕು ಜನಕ್ಕೆ ಬೇಕಾದವರೆಂದು ಅಪ್ಪನ ಹೆಸರು ಬಂತು. ಹಾಗಾಗಿ ಪೋಸ್ಟರಿನಲ್ಲಿ ಅಮ್ಮನ ಹೆಸರಿಗೆ ಅಪ್ಪನದು ಸೇರಿ ‘ಸಾಂತಿ ತಿರುಮೂರ್ತಿ’ ಎಂದು ಅಚ್ಚಾಯಿತು. ಅದರಲ್ಲಿ ಅಪ್ಪನ ಫೋಟೊ ಅಮ್ಮನದಕ್ಕಿಂತ ದೊಡ್ಡದಾಗಿತ್ತು.

ಗೆದ್ದ ದಿನ ಬಂದ ಶಾಲುಗಳನ್ನು ನಾನೇ ಮಡಿಸಿ ಬೀರುವಿನಲ್ಲಿಟ್ಟೆ. ಎಂಟನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಇದ್ದವಳು ನಾನು. ಅಮ್ಮನನ್ನು ಕಾಣಲು ಬಂದವರಿಗೆ ನೀರು ಕೊಡುವುದೂ ನನ್ನ ಪಾಲಿಗೆ ಬಂತು. ಮೀಟಿಂಗಿಗೆ ಹೋಗುವ ಮುಂಚೆ ಏನು ಹೇಳಬೇಕೆಂದು ಅಪ್ಪ ಹೇಳಿಕೊಡುತ್ತಿದ್ದರು, ಅಮ್ಮ ಅಷ್ಟನ್ನು ಹೇಳಿ ಬರುತ್ತಿದ್ದಳು. ಅಪ್ಪ ಹೇಳಿಕೊಡದ ದಿನ ಸುಮ್ಮನೆ ಕೂತು ಬರುತ್ತಿದ್ದಳು.

ತಲೆಮಾರುಗಳ ಹಿಂದೆ ತಮಿಳುನಾಡಿಗೆ ಬಂದ ನೇಕಾರರು ನಾವು, ನಮ್ಮ ಮನೆಯಲ್ಲಿ ಆಡುವುದು ಕನ್ನಡ. ಓದಲು ಯಾರಿಗೂ ಬರುವುದಿಲ್ಲ, ಬೀದಿಗಿಳಿದರೆ ತಮಿಳೇ. ಆದರೆ ಎದುರಿಗೆ ಬೇರೆಯವರಿದ್ದಾಗ ನಮ್ಮ ಮಾತು ನಮಗೆ ಒಂದು ಮರೆ. ತಿರುಪ್ಪೂರಿನ ಬಟ್ಟೆ ಅಂಗಡಿಯಲ್ಲಿ ಎಷ್ಟಕ್ಕೆ ಕೇಳಬೇಕೆಂದು ಅಂಗಡಿಯವನ ಮುಂದೆಯೇ ಮಾತಾಡಿಕೊಳ್ಳುತ್ತೇವೆ. ಮದುವೆ ಮನೆಯಲ್ಲಿ ಸಾಂಬಾರಿಗೆ ಉಪ್ಪು ಹೆಚ್ಚಾಗಿದ್ದರೆ ಬಡಿಸುವವನ ಮುಂದೆಯೇ ಹೇಳಿ ನಗುತ್ತೇವೆ. ಅಜ್ಜಿಯ ಕಾಲದಿಂದಲೂ ಹೀಗೆಯೇ, ಯಾರೂ ಅದನ್ನು ತಪ್ಪೆಂದು ನೆನೆದವರಲ್ಲ. ಅಮ್ಮ ಕೌನ್ಸಿಲರ್ ಆದ ಮೇಲೆ ಈ ಮರೆ ಇನ್ನೂ ಉಪಯೋಗಕ್ಕೆ ಬಂತು. ಯಾರನ್ನು ಕೂರಿಸಬೇಕು, ಯಾರಿಗೆ ಟೀ ಕೊಡಬೇಕು, ಯಾರನ್ನು ಹಾಗೇ ಕಳಿಸಬೇಕು ಎಲ್ಲವನ್ನೂ ಅವರು ಎದುರಿಗೆ ನಿಂತಿರುವಾಗಲೇ ಅಮ್ಮ ನನಗೆ ಹೇಳುತ್ತಿದ್ದಳು.

ಮಾದೇವಿ ಮೊದಲ ಸಲ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಮ್ಮ ಬೀದಿಯ ಹಿಂದಿನ ಲೈನ್ ಮನೆಗಳಲ್ಲಿ ಇರುವುದಾಗಿ, ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸವೆಂದು ಹೇಳಿದಳು. ಆ ಲೈನ್‌ನಲ್ಲಿ ಇರುವವರೆಲ್ಲ ಒಡಿಶಾ, ಬಿಹಾರದವರು. ಇವಳ ತಮಿಳೂ ಮುರುಕಾಗಿತ್ತು, ಹಾಗಾಗಿ ಇವಳೂ ಅಲ್ಲಿಯವಳೇ ಎಂದುಕೊಂಡೆವು. ಅಲ್ಲಿನ ನಲ್ಲಿಯ ಪೈಪು ಚರಂಡಿಯೊಳಗೆ ಒಡೆದಿದೆ, ನೀರು ನಾರುತ್ತಿದೆ, ಮಕ್ಕಳಿಗೆ ಹೊಟ್ಟೆ ಕೆಟ್ಟಿದೆ, ಒಮ್ಮೆ ಬಂದು ನೋಡಬೇಕು ಎಂದಳು. ಆಗಲಿ, ಹೇಳುತ್ತೇನೆ ಎಂದು ಅಮ್ಮ ತಮಿಳಿನಲ್ಲಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇವಳಿಗೆ ಇಲ್ಲಿ ಓಟು ಇದ್ದಾ, ಕಾರ್ಡು ಇದ್ದಾ? ದೀಪಾವಳಿಗೆ ಊರಿಗೆ ಹೋದ್ರೆ ತಿರುಗಿ ಬರ್ತಾಳೋ ಇಲ್ವೋ. ಇವಳಿಗಾಗಿ ನಾ ಹೋಗಿ ಆಫೀಸ್ ಬಾಗ್ಲಲ್ಲಿ ನಿಲ್ಲಬೇಕಾ ಅಮ್ಮುಣಿ?”

ಮಗ್ಗದ ಶೆಡ್ಡಿನ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದ ಅಪ್ಪ, “ಅವ್ರ ಊರಲ್ಲಿ ಗುಂಡಿ ನೀರ್ ಕುಡ್ದವ್ರು. ಇಲ್ಲಿ ಬಂದ ಮೇಲೆ ಮೂಗು ಬಂದಿದೆ,” ಎಂದರು. ನನಗೂ ನಗು ಬಂತು.

ಅಮ್ಮ ನನ್ನ ಕಡೆ ತಿರುಗಿ ಬಾಯಿ ತೆರೆದ ಕೂಡಲೇ ಆ ಹೆಂಗಸಿನ ಮುಖ ಅರಳಿದ್ದನ್ನು ನಾನು ನೋಡಿದ್ದೆ. ಏನೋ ಹೇಳಲು ಬಂದವಳು ಅಪ್ಪನ ಮಾತು ಮುಗಿಯುವ ಹೊತ್ತಿಗೆ ತುಟಿ ಬಿಗಿದಿದ್ದಳು. ಮುಖ ಅರಳಿದ್ದು ಅಮ್ಮ ಆಗಲಿ ಎಂದದ್ದಕ್ಕೆ ಇರಬೇಕು ಎಂದು ನಾನು ಅಂದುಕೊಂಡೆ.

ಆ ವಾರ ಮೀಟಿಂಗಿತ್ತು. ಗುಡಿ ಮುಂದೆ ದೀಪದ ಕಂಬ ಬೇಕೆಂದು ಹೇಳಲು ಅಪ್ಪ ಕಲಿಸಿದ್ದರು. ಅಮ್ಮ ಅದನ್ನು ಹೇಳಿ ಬಂದಳು.

ಮಾದೇವಿ ಮತ್ತೆ ಬಂದಾಗ ಕೈಯಲ್ಲೊಂದು ಬಾಟಲಿ ಇತ್ತು. ನೀರು ಮಬ್ಬಾಗಿತ್ತು, ತಳದಲ್ಲಿ ಕಪ್ಪಗೆ ಏನೋ ಕೂತಿತ್ತು. ಅಮ್ಮ ಪರದೆಯ ಹಿಂದೆ ಕೂತು ಸಣ್ಣ ಈರುಳ್ಳಿ ಬಿಡಿಸುತ್ತಿದ್ದಳು. ಅಲ್ಲಿಂದಲೇ ಕನ್ನಡದಲ್ಲಿ, ನಾನು ಸ್ನಾನಕ್ಕೆ ಹೋಗಿದ್ದೇನೆ ಅಂತ ಹೇಳಿ ಕಳಿಸು ಎಂದಳು. ಕೌನ್ಸಿಲರ್ ಸ್ನಾನಕ್ಕೆ ಹೋಗಿದ್ದಾರೆ ಎಂದು ನಾನು ತಮಿಳಿನಲ್ಲಿ ಹೇಳಿದೆ. ಮಾದೇವಿ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನನ್ನ ಮಗಳಿಗೂ ವಾಂತಿ ಶುರುವಾಗಿದೆ ಎಂದಷ್ಟೇ ಹೇಳಿ, ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು ಹೋದಳು.

ಆ ಬಾಟಲಿಯನ್ನು ಯಾರೂ ಒಳಗೆ ತರಲಿಲ್ಲ.

ಕೆಲವೇ ದಿನಗಳಲ್ಲಿ ಆ ಲೈನಿನ ಮಕ್ಕಳನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಪಟ್ಟಣ ಪಂಚಾಯಿತಿಯ ಅಧಿಕಾರಿ ಜೀಪಿನಲ್ಲಿ ಬಂದು, ವಾರ್ಡಿನ ಕೌನ್ಸಿಲರೂ ಸ್ಥಳಕ್ಕೆ ಬರಲಿ ಎಂದು ಹೇಳಿ ಕಳಿಸಿದರು. ಅಪ್ಪ ನೂಲು ತರಲು ಸೋಮನೂರಿಗೆ ಹೋಗಿದ್ದರು. ಅಮ್ಮ ಇಸ್ತ್ರಿ ಸೀರೆ ಉಟ್ಟು ನನ್ನನ್ನೂ ಕರೆದುಕೊಂಡು ಹೊರಟಳು. ಮನೆಯಿಂದ ಐದು ನಿಮಿಷವೂ ಆಗದ ಜಾಗ. ನಾವಿಬ್ಬರೂ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ಸಿಮೆಂಟ್ ಶೀಟಿನ ಕೋಣೆಗಳು ಎರಡು ಸಾಲಾಗಿದ್ದವು. ನಡುವೆ ತೆರೆದ ಚರಂಡಿ, ಕೊನೆಯಲ್ಲಿ ಒಂದೇ ನಲ್ಲಿ. ಅದರ ಪೈಪು ಚರಂಡಿಯ ನೀರಿನಲ್ಲಿ ಮುಳುಗಿತ್ತು. ಒಡೆದ ಜಾಗಕ್ಕೆ ಯಾರೋ ಸೈಕಲ್ ಟ್ಯೂಬು ಸುತ್ತಿದ್ದರು. ಅಷ್ಟು ಸುತ್ತಿದ್ದವರು ತಮ್ಮ ಕೈಯಲ್ಲಿ ಆಗದ್ದಕ್ಕೆ ತಾನೇ ನಮ್ಮ ಮನೆಗೆ ಬಂದದ್ದು ಎಂದು ನನಗೆ ಅನ್ನಿಸಿತು.

ಇಷ್ಟಾದರೂ ಏಕೆ ತಿಳಿಸಲಿಲ್ಲ ಎಂದು ಅಧಿಕಾರಿ ಅಮ್ಮನನ್ನು ಕೇಳಿದರು. ನಮಗೆ ಯಾರೂ ಹೇಳಲೇ ಇಲ್ಲ ಎಂದಳು ಅಮ್ಮ. ಹೇಳಿದವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಕೇಳಿದ್ರೆ ನೀನೂ ಹಂಗೇ ಹೇಳು, ಅಮ್ಮುಣಿ,” ಎಂದಳು.

ಮಾದೇವಿ ನಮ್ಮ ಹಿಂದೆಯೇ ಇದ್ದಳು. ಸೊಂಟದ ಮೇಲೆ ಮಗಳು. ಸೂಜಿ ಚುಚ್ಚಿದ ಆ ಮಗುವಿನ ಮುಂಗೈ ಮೇಲೆ ಹತ್ತಿ ಇಟ್ಟು ಪ್ಲಾಸ್ಟರ್ ಹಾಕಿದ್ದರು. ಅವಳು ಮುಂದೆ ಬಂದು ಮೆಲ್ಲಗೆ ಮಾತಾಡಿದಳು, ಕನ್ನಡದಲ್ಲಿ.

“ಅಕ್ಕಾ, ನಾನು ಎರಡು ಸಲ ಬಂದೆ. ನೀವು ಸ್ನಾನಕ್ಕೆ ಹೋಗಿರಲಿಲ್ಲ, ಪರದೆ ಹಿಂದೆ ಕೂತಿದ್ರಿ. ನಮ್ಮೂರು ಕೊಳ್ಳೇಗಾಲದ ಹತ್ರ. ನೀವು ಆಡಿದ್ದೆಲ್ಲ ನಂಗೆ ಗೊತ್ತಾಯ್ತು. ಓಟು ಇಲ್ಲಿಲ್ಲ, ನಿಜ. ನೀರು ಕುಡಿಯೋದು ಇಲ್ಲೇ ಅಲ್ವಾ?”

ಅಮ್ಮ ಸೆರಗನ್ನು ಹೆಗಲಿಗೆ ಎಳೆದುಕೊಂಡಳು. ಅದು ಹೆಗಲ ಮೇಲೇ ಇತ್ತು. ನನಗೆ ಕಣ್ಣಿಡಲು ಜಾಗ ಸಿಗಲಿಲ್ಲ. ನಾವು ಅವಳ ಮುಂದೆ ಇನ್ನೂ ಏನೇನು ಆಡಿದ್ದೆವು, ನಾನು ಯಾವ ಮಾತಿಗೆ ನಕ್ಕಿದ್ದೆ, ಎಲ್ಲ ಒಂದೊಂದಾಗಿ ನೆನಪಿಗೆ ಬಂತು.

ಅಧಿಕಾರಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಈ ಹೆಂಗಸು ಏನು ಹೇಳುತ್ತಿದ್ದಾಳೆ ಎಂದು ಅಮ್ಮನನ್ನೇ ಕೇಳಿದರು. ಏನು ಹೇಳಬೇಕೆಂದು ಕಲಿಸಲು ಅಪ್ಪ ಇರಲಿಲ್ಲ. ಅಮ್ಮ ನನ್ನನ್ನು ನೋಡಿದಳು, ನಾನು ಚರಂಡಿಯನ್ನು ನೋಡಿದೆ. ಕೊನೆಗೆ ಅಮ್ಮ, ಪೈಪು ಯಾವಾಗ ಸರಿಯಾಗುತ್ತದೆ ಎಂದು ಕೇಳುತ್ತಿದ್ದಾಳೆ ಎಂದಳು. ಇವತ್ತೇ ಆಗುತ್ತದೆ ಎಂದು ಹೇಳಿ ಅಧಿಕಾರಿ ಜೀಪು ಹತ್ತಿದರು.

ಅಷ್ಟು ತಮಿಳು ಮಾದೇವಿಗೆ ಬರುತ್ತಿತ್ತು. ಅವಳು ಜಗಳಕ್ಕೆ ನಿಲ್ಲಲಿಲ್ಲ. “ನಾನು ಕೇಳದೆ ಇದ್ದದ್ದನ್ನ ನೀವೇ ಕೇಳಿದ್ರಿ ಅಕ್ಕಾ. ಅದೂ ಬೇಕಿತ್ತು,” ಎಂದು ಹೇಳಿ ಮಗುವನ್ನು ಒಳಗೆ ಮಲಗಿಸಲು ಹೋದಳು. ಬೈದಿದ್ದರೆ ಅಮ್ಮ ಏನಾದರೂ ತಿರುಗಿ ಹೇಳುತ್ತಿದ್ದಳು.

ಜೀಪು ಹೋದ ಮೇಲೆ, ವಾರ್ಡಿಗೆ ನೀರು ಬಿಡುವ ಕಂದಸಾಮಿ, ಪೈಪು ನಾಳೆ ಬರುತ್ತದೆ, ನಾಳಿದ್ದು ಅಗೆಯೋಣ ಎಂದು ಚಪ್ಪಲಿ ಮೆಟ್ಟಿಕೊಂಡರು. ಅವರಿಗೆ ಗೊತ್ತಿದ್ದ ಕೌನ್ಸಿಲರ್ ಅದಕ್ಕೆ ಸರಿ ಎನ್ನಬೇಕಿತ್ತು. ಅಮ್ಮ, ಪೈಪು ತರುವ ತನಕ ನಾನು ಇಲ್ಲೇ ಇರುತ್ತೇನೆ ಎಂದಳು. ಅವರು ನಕ್ಕರು, ಬಿಸಿಲು ಹೆಚ್ಚಿದೆ, ಮನೆಗೆ ಹೋಗಮ್ಮಾ ಎಂದರು. ಅಮ್ಮ ಹೋಗಲಿಲ್ಲ. ಯಾರೂ ಕುರ್ಚಿ ತಂದು ಹಾಕಲಿಲ್ಲ. ಮಧ್ಯಾಹ್ನ ಸೋಮನೂರಿನಿಂದ ವಾಪಸಾದ ಅಪ್ಪ ಫೋನು ಮಾಡಿ, ಅಲ್ಲಿ ಏನು ನಿನಗೆ, ಗುಡಿಯ ದೀಪದ ಕಂಬಕ್ಕೆ ಪೂಜೆ ಇದೆ, ಜನ ಕಾಯುತ್ತಿದ್ದಾರೆ ಎಂದರು.

“ಇಲ್ಲೂ ಜನ ಕಾಯ್ತಾ ಇದ್ದಾರೆ. ಕಂಬಕ್ಕೆ ನೀವೇ ಹೂ ಹಾಕಿ,” ಎಂದಳು ಅಮ್ಮ. ಅಪ್ಪನಿಗೆ ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪೈಪು ಬಂತು. ಅಗೆದರು. ಚರಂಡಿಯ ನೀರು ಬೇರೆ ಕಡೆ ತಿರುಗಿಸಿ ಹೊಸ ಪೈಪನ್ನು ಮೇಲಿನಿಂದ ಎಳೆದರು. ಕತ್ತಲಾಗುವ ಮುಂಚೆ ಕಂದಸಾಮಿ ವಾಲ್ವ್ ತೆರೆದಾಗ ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ ನೀರು ಬಂತು. ಕಂಪನಿಯಿಂದ ವಾಪಸಾದವರು ಕೊಡ ಹಿಡಿದು ಸಾಲು ನಿಂತರು. ಅವರಲ್ಲಿ ಯಾರಿಗೂ ಅಮ್ಮ ಯಾರೆಂದು ಗೊತ್ತಿರಲಿಲ್ಲ.

ಮಾದೇವಿ ಕೊಡ ತುಂಬಿಸಿಕೊಂಡಾಗ ಅಮ್ಮ ಹತ್ತಿರ ಹೋಗಿ ಕನ್ನಡದಲ್ಲಿ, “ಇಲ್ಲಿಗೆ ಇನ್ನೇನ್ ಆಗಬೇಕು, ಹೇಳಮ್ಮ,” ಎಂದಳು.

ಮಾದೇವಿ ಉತ್ತರ ಕೊಟ್ಟದ್ದು ತಮಿಳಿನಲ್ಲಿ. ಅದೇ ಮುರುಕು ತಮಿಳು, ಒಂದೊಂದು ಮಾತನ್ನೂ ಹುಡುಕಿ ಆಡಿದಳು. ಅಕ್ಕಾ ಎನ್ನಲಿಲ್ಲ, ಮೇಡಂ ಎಂದಳು. ಚರಂಡಿಗೆ ಕಲ್ಲು ಮುಚ್ಚಬೇಕು, ಕಕ್ಕಸಿನ ಬಾಗಿಲು ಮುರಿದಿದೆ, ಹೆಂಗಸರು ಕತ್ತಲಲ್ಲಿ ಹೋಗಲು ಹೆದರುತ್ತಾರೆ ಎಂದಳು. ಅಮ್ಮ ತಾನೂ ತಮಿಳಿಗೆ ತಿರುಗಿ, ನಾಳೆ ಬೆಳಿಗ್ಗೆ ಬಂದು ಎಲ್ಲ ನೋಡುತ್ತೇನೆ ಎಂದಳು. ಮಾದೇವಿ ಕೊಡ ಎತ್ತಿಕೊಂಡು ಒಳಗೆ ಹೋದಳು.



ಮರುದಿನ ಅಪ್ಪ ಮಗ್ಗ ಓಡಿಸುವ ಮೊದಲೇ ಅಮ್ಮ ಎದ್ದಳು. ಹಳೆ ಸೀರೆಯಲ್ಲೇ ಹೊರಟಳು, ನಾನೂ ಹಿಂದೆ ಹೋದೆ. ಮಾದೇವಿಯ ಬಾಗಿಲಿಗೆ ಬೀಗ ಹಾಕಿತ್ತು. ಕಂಪನಿ ವ್ಯಾನು ಆಗಲೇ ಹೋಗಿತ್ತು. ಪಕ್ಕದ ಕೋಣೆಯ ಹೆಂಗಸು ಮಾದೇವಿಯ ಮಗಳನ್ನು ಎತ್ತಿಕೊಂಡು ಹೊರಗೆ ಬಂದು, ಯಾರು ನೀವು ಎಂದು ತನಗೆ ಬರುವಷ್ಟು ತಮಿಳಿನಲ್ಲಿ ಕೇಳಿದಳು. ಕೌನ್ಸಿಲರ್ ಎಂದು ಹೇಳಲು ಅಮ್ಮನಿಗೆ ಬಾಯಿ ಬರಲಿಲ್ಲ.

“ಸಾಂತಿ,” ಎಂದಳು, ತಮಿಳಿನಲ್ಲೇ. “ಚರಂಡಿ ನೋಡಕ್ಕೆ ಬಂದೆ.”