ಬರೀ ಮಗ್ಗದ ಸದ್ದು

ಮಗ್ಗದ ಸದ್ದು ನಿಂತರೆ ಸಾಕು, ಗೋಡೆಯ ಆಚೆಯಿಂದ ಗಂಡ ಚಿತ್ತಪ್ಪನ ದನಿ ಬರುತ್ತಿತ್ತು.

"ಗಂಗಾ, ಯಾಕೆ ನಿಂತೋತು?"

ಲಾಳಿಗೆ ನೂಲು ತುಂಬುತ್ತಿದ್ದರೆ ನೂಲು ಅನ್ನಬೇಕು. ಎಳೆ ಹರಿದಿದ್ದರೆ ಎಳೆ ಅನ್ನಬೇಕು. ಬಚ್ಚಲಿಗೆ ಹೋಗುವುದಿದ್ದರೂ ಹೇಳಿಯೇ ಹೋಗಬೇಕು. ಸುಮ್ಮನೆ ಕೂತಿದ್ದೆ ಅನ್ನುವ ಹಾಗಿಲ್ಲ. ಸೊಸೆಗೆ ಅತ್ತೆಯ ಕಣ್ಣಿನ ಕಾವಲು ಇರುವುದು ಲೋಕರೂಢಿ. ಗಂಡನ ಕಿವಿಯ ಕಾವಲು ಬಿದ್ದದ್ದು ಮಾಡದಕೆರೆ ಸೀಮೆಯಲ್ಲಿ ಇವಳೊಬ್ಬಳಿಗೇ ಇರಬೇಕು.

ಮೊದಲು ಆ ಮಗ್ಗ ಚಿತ್ತಪ್ಪನದು. ಕುರಿ ಸಾಕಿದ ಮನೆ, ಅಜ್ಜನ ಕಾಲದಿಂದ ಕಂಬಳಿ ನೇಯ್ದ ಮನೆ. ಹೆಂಗಸರು ಉಣ್ಣೆ ಹಿಂಜಿ ನೂಲು ತೆಗೆಯುತ್ತಾರೆ. ಗಂಡಸರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಉಣ್ಣೆ ಎಳೆ ಗಟ್ಟಿಯಾಗಲು ಹುಣಸೆ ಬೀಜದ ಗಂಜಿ ಹಚ್ಚಬೇಕು. ಆ ಬೀಜಕ್ಕೆಂದು ಮರ ಹತ್ತಿದ ಚಿತ್ತಪ್ಪ ಕೊಂಬೆ ಮುರಿದು ಬಿದ್ದ. ಸೊಂಟದ ಕೆಳಗೆ ಜೀವ ಹೋಯಿತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದಮೇಲೆ ಪಡಸಾಲೆಯ ಮಂಚವೇ ಅವನಿಗೆ ಊರು, ಕೇರಿ, ಕುರಿಹಟ್ಟಿ ಎಲ್ಲ ಆಯಿತು.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಮುದ್ದೆ ಮುಟ್ಟುತ್ತಿರಲಿಲ್ಲ, ಮಾತಿಗೆ ಮಾತು ಕೊಡುತ್ತಿರಲಿಲ್ಲ. ಆ ಗೋಡೆಯ ಹಿಂದೆಯೇ ಮಗ್ಗದ ಕೋಣೆ. ಅರ್ಧ ನೇಯ್ದ ಕಂಬಳಿಯ ಮೇಲೆ ದೂಳು ಕೂರುವುದನ್ನು ನೋಡಲಾರದೆ ಗಂಗಾ ಒಂದು ಮಧ್ಯಾಹ್ನ ಕುಣಿಗೆ ಇಳಿದಳು. ಕಂಡು ಗೊತ್ತಿತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. ಲಾಳಿ ಎಸೆದಳು, ನೂಲು ಒತ್ತುವ ಹಲಗೆ ಎಳೆದು ಬಡಿದಳು. ಹತ್ತು ಸಲ ಬಡಿಯುವಷ್ಟರಲ್ಲಿ ಗೋಡೆ ಮಾತಾಡಿತು.

"ಹಲಗೆ ಒಂದೇ ಕಡೆ ಬೀಳ್ತಾ ಐತೆ. ಎಡಗೈ ಬಿಗಿ ಮಾಡು."

ಅವತ್ತು ಸಂಜೆ ಅವನು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡ. ಗಂಗಾ ಒಲೆಯ ಮುಂದೆ ಕೂತು ಅತ್ತಳು. ಸಂತೋಷಕ್ಕೇ ಅತ್ತಳು. ಆ ಸಂತೋಷ ತನ್ನನ್ನು ಎಲ್ಲಿ ಕಟ್ಟಿಹಾಕುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಅತ್ತೆ ಹುಲಿಗೆಮ್ಮ ಮಾತ್ರ ಮನೆಯನ್ನೇ ತಲೆಕೆಳಗು ಮಾಡಿದಳು. "ಹೆಣ್ಣು ಕುಣಿಗಿಳಿದ್ರೆ ಆ ಮನೆ ಮೇಲೇಳಲ್ಲ. ನಮ್ಮತ್ತೆ ಇಳೀಲಿಲ್ಲ, ನಾನು ಇಳೀಲಿಲ್ಲ. ನೀನ್ಯಾವ ದೊಡ್ಡೋಳು?" ಅಂದಳು. ಮಗ ಉಣ್ಣುವುದನ್ನು ಕಂಡು ಬಾಯಿ ಮುಚ್ಚಿದಳು, ಆದರೆ ಮನಸ್ಸು ಮುಚ್ಚಲಿಲ್ಲ. ಕುಣಿಯಿಂದ ಎದ್ದ ಸೊಸೆ ಮೈಮೇಲೆ ನೀರು ಹಾಕಿಕೊಳ್ಳದೆ ಒಲೆಯ ಹತ್ತಿರ ಬರುವಂತಿರಲಿಲ್ಲ. ಚಳಿಗಾಲದಲ್ಲೂ ಬಿಡುವಿಲ್ಲ, ಜ್ವರ ಬಂದರೂ ಬಿಡುವಿಲ್ಲ.

ಹೀಗೆ ಮೂರು ವರ್ಷ ಸರಿದವು. ಗಂಗಾಳ ಕೈ ಪಳಗಿತು, ಕಂಬಳಿ ಬಿಗಿಯಾಯಿತು. ಅಷ್ಟರಲ್ಲಿ ಕೊಳ್ಳುವವರು ಇಲ್ಲವಾದರು. ಹಿರಿಯೂರಿನ ವ್ಯಾಪಾರಿ ಗೊಲ್ಲಪ್ಪ ಆಗಾಗ ಬಂದು ಕಟ್ಟು ಕಟ್ಟಿಕೊಂಡು ಹೋಗುತ್ತಿದ್ದವನು, ಒಂದು ದಿನ ಬೀದಿಯಲ್ಲೇ ಗಾಡಿ ನಿಲ್ಲಿಸಿ ಗಂಗಾಳಿಗೆ ಹೇಳಿದ: "ಜನಕ್ಕೆ ಮೆತ್ತನೆಯ ಬ್ಲಾಂಕೆಟ್ ಬೇಕು ಕಣಮ್ಮ. ಇದು ಚುಚ್ಚುತ್ತೆ ಅಂತಾರೆ. ಇನ್ಮೇಲೆ ನನ್ನ ಕಾಯಬ್ಯಾಡ್ರಿ."

ಒಳಗೆ ಹೋಗಿ ಇದನ್ನು ಹೇಳಬೇಕಿತ್ತು. ಮಂಚದ ಮೇಲೆ ಚಿತ್ತಪ್ಪ ಬಾಗಿಲಿಗೆ ಕಿವಿ ಕೊಟ್ಟು ಕಾಯುತ್ತಿದ್ದ. "ಏನಂದ ಗೊಲ್ಲಪ್ಪ? ಈ ಸಲದ ಅಂಚು ಚೆನ್ನಾಗೈತೆ ಅಂದ್ನಾ?" ಎಂದು ಕೇಳಿದ. ಗಂಗಾ "ಹೂನ್ರಿ" ಅಂದುಬಿಟ್ಟಳು.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ. ಅಂದಿನಿಂದ ಕಂಬಳಿ ಮುಗಿದಾಗಲೆಲ್ಲ ಗಂಗಾ ಅದನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಗಂಡನ ಮುಂದೆಯೇ ಮುಂಬಾಗಿಲು ದಾಟುತ್ತಿದ್ದಳು. "ಗೊಲ್ಲಪ್ಪನ ಗಾಡಿ ಬಂದೈತೆ, ಕೊಟ್ಟು ಬರ್ತೀನಿ" ಅನ್ನುತ್ತಿದ್ದಳು. ಮನೆ ಸುತ್ತು ಹಾಕಿ ಹಿತ್ತಲಿನಿಂದ ಒಳಗೆ ಬಂದರೆ ಹುಲಿಗೆಮ್ಮ ಏಣಿ ಹಿಡಿದು ನಿಂತಿರುತ್ತಿದ್ದಳು. ಒಂದೇ ಸೂರಿನಡಿ ಇದ್ದೂ ಒಬ್ಬರ ನೆರಳು ಒಬ್ಬರ ಮೇಲೆ ಬೀಳದಂತಿದ್ದ ಅತ್ತೆ ಸೊಸೆ ಈ ಒಂದು ಕಳ್ಳತನದಲ್ಲಿ ಜೋಡಿಯಾದರು. ಕಂಬಳಿ ಅಟ್ಟ ಸೇರುತ್ತಿತ್ತು, ನಡುವೆ ಹುಳು ಬೀಳದಿರಲಿ ಎಂದು ಬೇವಿನ ಸೊಪ್ಪು. ಅಟ್ಟದ ಮೇಲೆ ಕಂಬಳಿಗಳು ಸೂರು ಮುಟ್ಟುವ ಹಾಗೆ ಬೆಳೆದವು. ಮನೆ ನಡೆಯುತ್ತಿದ್ದುದು ರೇಷನ್ ಅಕ್ಕಿಯಿಂದ, ಮುದುಕಿಯ ಪಿಂಚಣಿಯಿಂದ, ಹಿತ್ತಲಿನ ಎರಡು ಆಡುಗಳಿಂದ. ಯಾರೂ ಹೊದೆಯದ ಕಂಬಳಿಯನ್ನು ಗಂಗಾ ಬೆಳಗಿನಿಂದ ಸಂಜೆವರೆಗೆ ನೇಯುತ್ತಿದ್ದಳು, ಗೋಡೆಯಾಚೆ ಒಬ್ಬ ಮನುಷ್ಯ ಉಣ್ಣಲಿ ಅಂತ. ಮಂಡಿ ಹಿಡಿದುಕೊಂಡಿತ್ತು. ಕಣ್ಣು ಮುಚ್ಚಿದರೂ ಕಾಲು ತುಳಿಯುತ್ತಿತ್ತು. ಅವಳಿಗೆ ಸಾಕಾಗಿತ್ತು. ಸಾಕಾಗಿದೆ ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ಜಾಗವಿರಲಿಲ್ಲ.

ಇಂಥ ಹೊತ್ತಿನಲ್ಲಿ ಯಮುನಾ ಸುದ್ದಿ ತಂದಳು. ಪಕ್ಕದ ಬೀದಿಯ ಯಮುನಾ ಹೊಸದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಮನೆ. ಅಲ್ಲಿ ಇನ್ನೊಬ್ಬ ಹೆಂಗಸು ಬೇಕಾಗಿತ್ತು.

"ಒಂದಿನ ಬಂದು ಅಡಿಗೆ ಮಾಡಿ ತೋರಿಸ್ಲಿ ಅಂದವ್ರೆ ಮೇಡಂ. ಸೋಮವಾರ ಬಾರೆ. ಆ ಮಕ್ಕಳು ಬಿಸಿ ಮುದ್ದೆ ಕಂಡ್ರೆ ಹೆಂಗೆ ನಗ್ತವೆ ಅಂತೀಯ."

ಗಂಗಾಳಿಗೆ ಮಕ್ಕಳು ನಿಂತಿರಲಿಲ್ಲ. ಆ ಮಾತು ಅವಳ ಹೊಟ್ಟೆಯೊಳಗೆ ಎಲ್ಲೋ ಹೋಗಿ ಕೂತಿತು. ಉಂಡು ಖಾಲಿಯಾದ ತಟ್ಟೆ ಕಾಣುವಂಥ ಕೆಲಸ. ಅಟ್ಟ ಸೇರದ ಕೆಲಸ.

ಉಣ್ಣಲು ಇಡುವಾಗ ಗಂಡನ ಹತ್ತಿರ ಮಾತು ತೆಗೆದಳು. ಚಿತ್ತಪ್ಪ ತುತ್ತು ತಟ್ಟೆಗೆ ಬಿಟ್ಟ.

"ಮಗ್ಗ?"

"ಭಾನುವಾರ ನೇಯ್ತೀನಿ."

"ಮಿಕ್ಕಿದ ದಿನ ಈ ಗೋಡೆ ನೋಡ್ಕಂಡು ನಾನೇನ್ ಮಾಡ್ಲಿ? ನಾನು ಸತ್ತ ಮೇಲೆ ಹೋಗು. ಬಹಳ ದಿನ ಇಲ್ಲ ಬಿಡು."

ಅಷ್ಟು ಹೇಳಿ ಮುಖ ಗೋಡೆಗೆ ತಿರುಗಿಸಿದ. ಆ ಬೆನ್ನು ಕಂಡರೆ ಗಂಗಾಳಿಗೆ ಭಯ. ತಟ್ಟೆ ಎತ್ತಿಕೊಂಡು ಒಳಗೆ ಬಂದಳು.

ಶನಿವಾರ ಕಂಬಳಿ ಮುಗಿಯಿತು. ನೇಯುವ ಮನೆಗಳಲ್ಲಿ ಒಂದು ಪದ್ಧತಿಯಿದೆ: ಕಂಬಳಿ ಕತ್ತರಿಸುವಾಗ ಒಂದು ಗೇಣು ಎಳೆ ಮಗ್ಗದಲ್ಲೇ ಬಿಡಬೇಕು, ಮುಂದಿನ ಕಂಬಳಿಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಅದಕ್ಕೇ ಗಂಟು ಹಾಕಬೇಕು. ಮಗ್ಗ ಬರಿದಾಗಬಾರದು. ಆ ಗಂಟು ಹಾಕುವ ಕೆಲಸ ಸೋಮವಾರಕ್ಕೆ ಬಿದ್ದಿತ್ತು. ಗಂಗಾ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಹುಲಿಗೆಮ್ಮ ರಾಟೆ ಬದಿಗಿಟ್ಟು ಹತ್ತಿರ ಬಂದಳು.

"ಸೋಮವಾರ ಹೋಗು," ಅಂದಳು.

"ಹೆಂಗತ್ತೆ? ಸದ್ದಿಲ್ದಿದ್ರೆ ಕೂಗ್ತಾರೆ."

"ಸದ್ದು ನಾನು ಮಾಡ್ತೀನಿ."

ಗಂಗಾ ಅತ್ತೆಯ ಮುಖವನ್ನೇ ನೋಡಿದಳು. ಕುಣಿಯ ಹತ್ತಿರ ಹಾದು ಹೋಗುವಾಗ ಸೀರೆ ಎತ್ತಿಕೊಳ್ಳುವ ಹೆಂಗಸು ಇವಳು.

"ಬರೀ ತೊಟ್ಟಿಲು ತೂಗಬಾರ್ದು, ಬರೀ ಮಗ್ಗ ಬಡೀಬಾರ್ದು ಅಂತ ನೀವೇ ಅಲ್ವೇನತ್ತೆ ಹೇಳಿದ್ದು?"

"ಹೇಳಿದ್ದೆ. ಈಗಲೂ ಹೇಳ್ತೀನಿ." ಮುದುಕಿ ದನಿ ತಗ್ಗಿಸಿದಳು. "ನಾನು ಸತ್ರೆ ನಾಲ್ಕು ಜನ ಹೊತ್ಕಂಡೋಗಿ ಕುಣಿಗಿಡ್ತಾರೆ. ನೀನು ಬದುಕಿದ್ದಂಗೇ ಅದ್ರಾಗೆ ಕುಂತೀಯ. ನಾನು ಅವನ ಹೆತ್ತೋಳು ನಿಜ. ಆದ್ರೆ ನಂಗೂ ಕಣ್ಣವೆ ತಾಯಿ."

ಸೋಮವಾರ ಬೆಳಿಗ್ಗೆ ಗಂಗಾ ಗಂಡನ ಮೈ ಒರೆಸಿ, ಬಟ್ಟೆ ಬದಲಿಸಿ, ಉಣ್ಣಲು ಮಂಚದ ಪಕ್ಕ ಇಟ್ಟು, ಮಗ್ಗದ ಕೋಣೆಗೆ ಹೋದವಳಂತೆ ಹೋಗಿ ಹಿತ್ತಲಿನಿಂದ ಹೊರಬಿದ್ದಳು. ಬೀದಿಯ ಕೊನೆಗೆ ಬರುವಾಗ ಹಲಗೆಯ ಸದ್ದು ಶುರುವಾಯಿತು. ಪೊಳ್ಳು ಸದ್ದು. ನೂಲಿಲ್ಲದ ಸದ್ದು. ಇದು ಚಿತ್ತಪ್ಪನಿಗೆ ತಿಳಿಯದೆ ಇರುತ್ತದೆಯೇ ಎಂದು ಅವಳು ಅಲ್ಲೇ ನಿಂತಳು. ಯಮುನಾ ಕೈ ಹಿಡಿದು ಎಳೆದಳು. ಇಬ್ಬರೂ ಬಸ್ಸು ಹತ್ತಿದರು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಕಿಟಕಿ ಇತ್ತು. ಗಂಗಾ ನಿಂತು ಕೆಲಸ ಮಾಡಿದಳು. ಇಷ್ಟು ದಿನ ಕೂತೇ ಸವೆದ ಕಾಲಿಗೆ ನಿಲ್ಲುವುದೂ ಸುಖ ಅನ್ನಿಸಿತು. ಹುಡುಗಿಯರು ಸಾರು ಇನ್ನೊಮ್ಮೆ ಹಾಕಿಸಿಕೊಂಡರು. ಒಬ್ಬಳು "ಆಂಟಿ, ನೀವು ನಾಳೇನೂ ಬರ್ತೀರಾ?" ಅಂತ ಕೇಳಿದಳು. ಮೇಡಂ ರುಚಿ ನೋಡಿ ನಾಳೆಯಿಂದಲೇ ಬಾ ಅಂದರು. ಯಾವಾಗಲಾದರೂ ಕೈ ನಿಂತರೆ "ಯಾಕೆ ನಿಂತೋತು?" ಎಂಬ ದನಿಗಾಗಿ ಕಿವಿ ತಾನಾಗಿ ಕಾಯುತ್ತಿತ್ತು. ಯಾರೂ ಕೇಳಲಿಲ್ಲ.

ಸಂಜೆ ಬಸ್ಸಿಳಿದು ಬೀದಿಗೆ ಬಂದರೆ ಸದ್ದಿಲ್ಲ. ಗಂಗಾ ಓಡಿದಳು. ಹಿತ್ತಲು ಮರೆತು ಮುಂಬಾಗಿಲಿನಿಂದಲೇ ನುಗ್ಗಿದಳು.

ಮಂಚ ಖಾಲಿಯಾಗಿತ್ತು.

ನೆಲದ ಮೇಲೆ ಹೊದಿಕೆ ಎಳೆದಾಡಿದ ಗುರುತು, ಬಾಗಿಲ ಹೊಸ್ತಿಲ ಮೇಲೆ ಒಂದಿಷ್ಟು ರಕ್ತ. ಮಗ್ಗದ ಕೋಣೆಯಲ್ಲಿ ಚಿತ್ತಪ್ಪ ಕುಣಿಯ ಅಂಚಿಗೆ ಬೋರಲು ಬಿದ್ದಿದ್ದ. ಮೊಣಕೈ ತರಚಿತ್ತು. ಅವನ ಎರಡೂ ಕೈ ಕುಣಿಯೊಳಗಿದ್ದ ತಾಯಿಯ ಕೈ ಹಿಡಿದಿದ್ದವು. ಹುಲಿಗೆಮ್ಮ ಕುಣಿಯಲ್ಲಿ ಕೂತಿದ್ದಳು.

"ಬಂದ್ಯಾ ತಾಯಿ," ಅಂದಳು ಮುದುಕಿ. "ಇಳಿಯಾಕಾತು, ಏಳಾಕಾಗ್ತಿಲ್ಲ. ಮಂಡಿ ಹಿಡ್ಕಂಡೈತೆ. ಮಧ್ಯಾಹ್ನದಿಂದ ಹಿಂಗೇ ಕುಂತಿದ್ದೀವಿ ಇಬ್ರೂ."

ಗಂಗಾ ಹಿಂದಿನಿಂದ ಮುದುಕಿಯ ಕಂಕುಳಿಗೆ ಕೈ ಕೊಟ್ಟಳು, ಮುಂದಿನಿಂದ ಚಿತ್ತಪ್ಪ ಎಳೆದ. ಮೂರು ಜನ ನರಳಿ, ಬೈದು, ಉಸಿರು ಬಿಟ್ಟು, ಕೊನೆಗೆ ಹುಲಿಗೆಮ್ಮ ಮೇಲೆ ಬಂದು ಗೋಡೆಗೆ ಒರಗಿದಳು. ಗಂಗಾ ಗಂಡನನ್ನು ನೋಡಿದಳು. ಇಷ್ಟು ವರ್ಷ ಮಗ್ಗುಲು ಬದಲಿಸಲೂ ಅವಳನ್ನು ಕರೆದವನು ಹೊಸ್ತಿಲು ದಾಟಿ ಇಲ್ಲಿಗೆ ಬಂದಿದ್ದ.

"ಬೆಳಿಗ್ಗೆನೇ ಗೊತ್ತಾತು," ಅಂದ ಚಿತ್ತಪ್ಪ. "ನೂಲಿದ್ರೆ ಹಲಗೆ ಮೆತ್ತಗೆ ಬೀಳುತ್ತೆ. ಅವ್ವ ಬಡೀತಾ ಅವ್ಳೆ, ನೀನು ಹೋಗಿದ್ದೀಯ ಅಂತ ತಿಳೀತು. ಸುಮ್ನಿದ್ದೆ. ಮಧ್ಯಾಹ್ನ ಸದ್ದು ನಿಂತೋತು. ಕೂಗಿದ್ರೆ ಅವ್ವ ಅಳ್ತಾ ಇದ್ಲು."

"ಸುಮ್ನಿದ್ರಾ?"

"ಹೂನ್. ಅಟ್ಟದ ಕಂಬಳಿ ವಿಚಾರದಾಗೂ ಸುಮ್ನೇ ಇದ್ದೆ."

ಹುಲಿಗೆಮ್ಮ ತಲೆ ತಗ್ಗಿಸಿದಳು.

"ಕಂಬಳಿ ಮನೆ ಬಿಟ್ಟು ಹೋದ್ರೆ ಉಣ್ಣೆ ವಾಸ್ನೆನೂ ಹೋಗ್ಬೇಕು ಗಂಗಾ. ನಮ್ಮನೆಯಾಗೆ ವಾಸ್ನೆ ವರ್ಷದಿಂದ ವರ್ಷಕ್ಕೆ ಜಾಸ್ತಿ ಆತು. ಮಲಗಿರೋನಿಗೆ ಮೂಗು ಇರಲ್ವಾ?"

"ಗೊತ್ತಿದ್ದೂ ನೇಯಿಸಿದ್ರಿ."

"ನಿಲ್ಸು ಅನ್ನಾಕೆ ಬಾಯಿ ಬರ್ಲಿಲ್ಲ. ಸದ್ದು ನಿಂತ್ರೆ ನಾನೂ ನಿಂತೋಗ್ತೀನಿ ಅನ್ನಿಸ್ತಿತ್ತು."

ಗಂಗಾಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಕಾಲು ಹೋದವನ ಮೇಲೆ ಸಿಟ್ಟು ಮಾಡಬಾರದು ಎಂದು ಇಷ್ಟು ದಿನ ನುಂಗಿದ ಸಿಟ್ಟೆಲ್ಲ ಒಟ್ಟಿಗೆ ಬಂತು. ಅವಳು ಇವನಿಗಾಗಿ ಸುಳ್ಳು ಹೇಳಿದಳು. ಇವನು ತನಗಾಗಿ ಆ ಸುಳ್ಳನ್ನು ಸಾಕಿದ. ಇಬ್ಬರ ಸುಳ್ಳಿಗೂ ಕೂಲಿ ಮಾಡಿದ್ದು ಅವಳ ಮಂಡಿ.

"ನಾಳೆಯಿಂದ ಬಾ ಅಂದವ್ರೆ," ಅಂದಳು. "ನಾನು ಹೋಗ್ತೀನಿ. ನೀವು ಗೋಡೆ ಕಡೆ ತಿರುಗಿ ಮಲಗಿದ್ರೂ ಹೋಗ್ತೀನಿ. ಉಣ್ಣದಿದ್ರೂ ಹೋಗ್ತೀನಿ."

ಚಿತ್ತಪ್ಪ ಮಗ್ಗದಲ್ಲಿ ಉಳಿದಿದ್ದ ಗೇಣುದ್ದದ ಎಳೆಗಳನ್ನು ಬೆರಳಿನಿಂದ ಮುಟ್ಟಿದ.

"ಮಂಚಕ್ಕೆ ಎತ್ತಬ್ಯಾಡ. ನನ್ನ ಇಲ್ಲೇ ಬಿಡು," ಅಂದ.

ಬೆಳಿಗ್ಗೆ ಗಂಗಾ ಎದ್ದಾಗ ಅವನು ಕುಣಿಯ ಅಂಚಿನಲ್ಲಿ ಕಂಬಳಿಯ ಕಟ್ಟಿಗೆ ಒರಗಿ ಕೂತಿದ್ದ; ಅಟ್ಟದಿಂದ ಆ ಕಟ್ಟನ್ನು ಕೋಲಿನಿಂದ ಎಳೆದು ಇಳಿಸಿಕೊಟ್ಟವಳು ಹುಲಿಗೆಮ್ಮ. ಗಂಗಾ ಅವನ ಮೈ ಒರೆಸಿದಳು, ಮೊಣಕೈಗೆ ಅರಿಶಿನ ಹಚ್ಚಿದಳು, ಮುದುಕಿಗೆ ಬಿಸಿನೀರು ಇಟ್ಟಳು. ಅವನು ಮುಖ ತಿರುಗಿಸಲಿಲ್ಲ. "ಹೋಗಿ ಬರ್ತೀನಿ" ಅಂದರೆ ತಲೆಯಾಡಿಸಿದ.

ಬಸ್ಸಿಗಾಗಿ ನಿಂತಿದ್ದಾಗ ಸದ್ದು ಕೇಳಿತು. ಚಿತ್ತಪ್ಪ ಕೂತಲ್ಲಿಂದಲೇ ಕೈ ಚಾಚಿ ಹಲಗೆ ಎಳೆದು ಬಡಿಯುತ್ತಿದ್ದ. ತುಳಿಯುವ ಕಾಲಿಲ್ಲ, ನೂಲಿಲ್ಲ. ಬರೀ ಮಗ್ಗ.

"ಏನೇ ಅದು?" ಅಂದಳು ಯಮುನಾ.

ನೆಮ್ಮದಿಯಾಗಿ ಹೋಗು ಎಂದು ಬಡಿಯುತ್ತಿದ್ದಾನೋ, ತಿರುಗಿ ಬಾ ಎಂದು ಬಡಿಯುತ್ತಿದ್ದಾನೋ, ಗಂಗಾಳಿಗೆ ತಿಳಿಯಲಿಲ್ಲ. ಕೇಳಿ ಬರಲು ಹೋದರೆ ಬಸ್ಸು ತಪ್ಪುತ್ತದೆ, ಅಷ್ಟು ಮಾತ್ರ ತಿಳಿದಿತ್ತು. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತಳು. ಊರು ದಾಟಿತು, ಕೆರೆಯ ಏರಿ ದಾಟಿತು, ಇನ್ನು ಯಾವ ಸದ್ದೂ ಕೇಳುವ ಹಾಗಿರಲಿಲ್ಲ.

ಯಮುನಾ ಅವಳ ತೊಡೆಯ ಮೇಲೆ ಕೈಯಿಟ್ಟಳು. "ಕಾಲು ಸುಮ್ನೆ ಇಟ್ಕಳೇ. ಯಾಕೆ ಹಂಗೆ ತುಳೀತೀಯ?"

ಗಂಗಾ ಕೆಳಗೆ ನೋಡಿದಳು. ಬಸ್ಸಿನ ತಗಡಿನ ಮೇಲೆ ಅವಳ ಎಡಗಾಲು ಇಳಿಯುತ್ತಿತ್ತು, ಬಲಗಾಲು ಏರುತ್ತಿತ್ತು. ಎರಡೂ ಕೈಯಿಂದ ಮಂಡಿ ಒತ್ತಿ ಹಿಡಿದಳು. ಹೊಸದುರ್ಗ ಬರುವವರೆಗೂ ಹಾಗೇ ಹಿಡಿದಿದ್ದಳು.