ಪಟ್ಟಿ ಸುತ್ತಿದ ಪೈಪು

ಟಪ್, ಮತ್ತೆ ಅದೇ, ಎಕ್ಸಲರೇಟರ್ ಬಿಟ್ಟ ಕೂಡಲೇ ಟಪ್ ಟಪ್, ಸೈಲೆನ್ಸರಿನೊಳಗಿಂದ ಯಾರೋ ಬಾಗಿಲು ಬಡಿದ ಹಾಗೆ, ಗೋಡೆಯ ಮೇಲಿನ ಬೆಕ್ಕು ಎದ್ದು ಹೋಯಿತು, ಹೋಗಲಿ, ಅದಾದರೂ ಎಷ್ಟು ಹೊತ್ತು ಕೇಳೀತು — ಬೆಳಿಗ್ಗೆಯಿಂದ ಇದೇ ಆಗಿದೆ, ಕಿಕ್ಕರ್ ಒದೆಯುವುದು, ಸ್ಟಾರ್ಟ್ ಆಗುವುದು, ಸ್ವಲ್ಪ ಹೊತ್ತು ಇವರಿದ್ದಾಗಿನ ಹಾಗೇ ಗುಡುಗುಡು ಅನ್ನುವುದು, ಕೈ ಬಿಟ್ಟರೆ ಟಪ್, ಆಮೇಲೆ ಉಸಿರು ಕಟ್ಟಿದಂತೆ ನಿಂತುಬಿಡುವುದು. ಇವರ ಕೈಯಲ್ಲಿ ಒಂದು ದಿನವೂ ಹೀಗೆ ಹಠ ಮಾಡಿದ ಗಾಡಿಯಲ್ಲ. ಇವರು ಹೋಗಿ ವರ್ಷವಾಗುತ್ತಾ ಬಂತು, ಅಂದಿನಿಂದ ಶೆಡ್ಡಿನಲ್ಲೇ ನಿಂತಿತ್ತು, ಭಾನುವಾರ ಬರ್ತೀನಮ್ಮ, ಅಪ್ಪನ ಗಾಡಿ ಓಡೋ ಹಾಗಿದ್ರೆ ಅದರಲ್ಲೇ ವಾಪಸ್ ಹೋಗ್ತೀನಿ ಎಂದು ಮಗಳು ಫೋನಿನಲ್ಲಿ ಅಂದಳು, ಓಡದೇ ಹೋದ್ರೆ ಎಂದೆ, ಓಡದೇ ಹೋದ್ರೆ ಅಲ್ಲೇ ಇರ್ಲಿ ಬಿಡು, ಇನ್ನೊಂದ್ಸಲ ಬಂದಾಗ ನೋಡೋಣ. ಇನ್ನೊಂದ್ಸಲ — ಆ ಮಾತು ಕಿವಿಯಲ್ಲೇ ಕೂತಿದೆ. ಗಾಡಿ ಕೆಟ್ಟಿದ್ದರೆ ಇನ್ನೊಂದು ಸಲ ಬರುತ್ತಾಳೆ, ಸರಿಯಿದ್ದರೆ ಅದನ್ನೂ ತೆಗೆದುಕೊಂಡು ಹೋಗುತ್ತಾಳೆ, ಆಮೇಲೆ ಈ ಮನೆಗೆ ಬರಲು ಅವಳಿಗೇನು ಕೆಲಸ, ನಾನೊಬ್ಬಳು ಇದ್ದೇನೆ ಅಷ್ಟೇ. ಇವತ್ತು ಭಾನುವಾರ.

ಎಲ್ಲ ಈ ಪಟ್ಟಿಯಿಂದ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ನನ್ನ ಬಲಗಾಲಿನ ಮೀನಖಂಡದ ಮೇಲೆ ಈ ಸೈಲೆನ್ಸರ್ ಪೈಪು ಸುಟ್ಟ ಗುರುತುಗಳಿವೆ, ಒಂದು ಮದುವೆಯಾದ ಹೊಸದರದ್ದು, ಮಗಳು ಹೊಟ್ಟೆಯಲ್ಲಿದ್ದಾಗಿನದು ಇನ್ನೊಂದು, ಅಯ್ಯೋ ನೋಡ್ಕೊಂಡು ಇಳಿಬಾರ್ದೇನೇ ಎಂದು ಇವರು ಬೈಯುತ್ತಲೇ ನಲ್ಲಿಯ ಕೆಳಗೆ ನನ್ನ ಕಾಲು ಹಿಡಿದಿದ್ದರು — ಇನ್ನು ಮುಂದೆ ಮಗಳ ಹಿಂದೆ ಯಾರೋ ಕೂರುತ್ತಾರೆ, ಗೆಳತಿಯೋ ಗೆಳೆಯನೋ, ನಾನು ಕೇಳುವುದಿಲ್ಲ, ಯಾರಾದರೂ ಸುಟ್ಟುಕೊಳ್ಳಬಾರದು. ಶಾಖ ತಡೆಯುವ ಪಟ್ಟಿ ತರಿಸಿದೆ, ಪೈಪು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದೆ, ಪಟ್ಟಿಯನ್ನು ನೆನೆಸಿ, ಕೆಳಗಿನಿಂದ ಮೇಲಕ್ಕೆ, ಸುತ್ತಿನ ಮೇಲೆ ಅರ್ಧ ಸುತ್ತು, ಸುಕ್ಕಿಲ್ಲ ಸಡಿಲವಿಲ್ಲ, ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಊರವರ ಕಾಲಿಗೆಲ್ಲ ಬ್ಯಾಂಡೇಜು ಸುತ್ತಿದ ಕೈ ಇದು, ಸಿಸ್ಟರ್ ನೀವು ಸುತ್ತಿದ್ರೆ ಬಿಚ್ಚೋಕೇ ಮನಸ್ಸು ಬರಲ್ಲ ಅನ್ನುತ್ತಾರೆ. ಪೈಪನ್ನು ಮತ್ತೆ ಜೋಡಿಸಿ, ಉಳಿದ ತುದಿಯನ್ನು ಇಂಜಿನ್ನಿನ ಬಾಯಿಯ ತನಕ ಸುತ್ತಿ ಮುಗಿಸಿದೆ. ನೋಡಲು ಚೆನ್ನಾಗಿತ್ತು, ಅಲ್ಲಿಂದ ಶುರುವಾಯಿತು ಟಪ್ ಟಪ್.

ಪ್ಲಗ್ ಬಿಚ್ಚಿ ನೋಡಿದೆ, ತುದಿ ಬಿಳಿಚಿಕೊಂಡಿತ್ತು, ರಕ್ತ ಕಡಿಮೆಯಾದವರ ಕಣ್ಣಿನ ಒಳರೆಪ್ಪೆಯ ಹಾಗೆ, ಅಂದರೆ ಪೆಟ್ರೋಲು ಸಾಲದು, ಗಾಳಿ ಜಾಸ್ತಿ, ಅಷ್ಟು ಇವರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕೂತೇ ಕಲಿತಿದ್ದೇನೆ. ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿದೆ, ಟಪ್ ನಿಲ್ಲಲಿಲ್ಲ, ಇದ್ದ ಓಟವೂ ಕೆಟ್ಟಿತು, ಇನ್ನಷ್ಟು ತಿರುಗಿಸಿದೆ, ನಿಂತೇಹೋಯಿತು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಪಾಪ ಕಾರ್ಬೊರೇಟರ್ ಏನು ಮಾಡಿತ್ತು. ಕೊನೆಗೆ ಗ್ಯಾರೇಜಿನವರಿಗೆ ಫೋನು, ಇವರ ಹಳೆಯ ಸ್ನೇಹಿತರು, ಸಿಸ್ಟರ್ರೇ ಪಟ್ಟಿ ಸುತ್ತಿದ್ರೆ ಅಷ್ಟಕ್ಕೆಲ್ಲ ಹೀಗಾಗಲ್ಲ, ಎಲ್ಲೋ ಗಾಳಿ ಎಳೀತಿದೆ, ಇಂಜಿನ್ನಿಗೆ ಪೈಪು ಸೇರೋ ಕಡೆ ಸೋಪಿನ ನೀರು ಬಿಡಿ, ಗುಳ್ಳೆ ಬಂದ್ರೆ ಅಲ್ಲೇ ಅಂತ ಲೆಕ್ಕ. ಅಲ್ಲಿ ಕಾಣಲ್ಲಣ್ಣ, ಸುತ್ತಿಬಿಟ್ಟಿದೀನಿ. ಅವರು ನಕ್ಕರು, ಗಾಯ ಮುಚ್ಚಿಟ್ಟು ಗಾಯ ಎಲ್ಲಿದೆ ಅಂತ ನನ್ನ ಕೇಳ್ತೀರಲ್ಲ, ಹೋಗ್ಲಿ, ಆ ಸಂದಿನೊಳಗೆ ಗಾಳಿ ತಡೆಯೋ ರಿಂಗು ಹೊಸದು ಹಾಕಿದ್ರಾ. ಹಳೆದೇ ಚೆನ್ನಾಗಿತ್ತು, ಸ್ಪಿರಿಟ್ಟಲ್ಲಿ ಉಜ್ಜಿ, ಕುದಿಸಿ ಒಣಗಿಸಿ ಹಾಕಿದೆ. ಆ ಕಡೆಯಿಂದ ಮತ್ತೆ ನಗು. ಸಿಸ್ಟರ್ರೇ, ಅದು ಕತ್ತರಿ ಅಲ್ಲ ಕುದಿಸಿ ಇನ್ನೊಂದ್ಸಲ ಬಳಸೋಕೆ, ಒಂದ್ಸಲ ಒತ್ತಿ ಚಪ್ಪಟೆಯಾದ್ರೆ ಮುಗೀತು ಅದರ ಕತೆ, ಮತ್ತೆ ಬಿಗಿ ಹಿಡಿಯಲ್ಲ. ನಾನೂ ನಕ್ಕೆ, ಈ ಮನೆಯಲ್ಲಿ ನಕ್ಕ ಸದ್ದು ನನಗೇ ಹೊಸದೆನಿಸಿತು, ಫೋನು ಇಟ್ಟ ಮೇಲೆ ಶೆಡ್ಡು ಇನ್ನೂ ಖಾಲಿ ಅನಿಸಿತು.

ಮೇಲಿನ ಸುತ್ತುಗಳನ್ನು ಬಿಚ್ಚಿದೆ, ಅಗೋ, ಪೈಪಿನ ಬಾಯಿಯ ಸುತ್ತ ಕಪ್ಪು ಮಸಿ, ದೀಪದ ಬುಡದಲ್ಲೇ ಕತ್ತಲೆ, ನನ್ನ ಕೈಯ ಬ್ಯಾಂಡೇಜಿನಡಿಯಲ್ಲೇ ಇತ್ತು, ನಟ್ಟು ಸಡಿಲಿಸಿ ನೋಡಿದರೆ ಹಳೆಯ ರಿಂಗು ಹೊಳೆಯುತ್ತಿದೆ, ಯಾವ ಕೆಲಸಕ್ಕೂ ಬಾರದು. ಪಟ್ಟಿಯ ಜೊತೆಗೇ ಬಂದ ಹೊಸ ರಿಂಗು ಇಲ್ಲೇ ಇದೆ, ಹಾಕಿದರೆ ಸರಿಹೋಗುತ್ತದೆ — ಹಾಕದಿದ್ದರೆ? ಯಾರಿಗೆ ಗೊತ್ತಾಗಬೇಕು, ಓಡಲಿಲ್ಲ ಕಣೇ ಅಂದರೆ ಆಯಿತು, ಇನ್ನೊಂದ್ಸಲ ನೋಡೋಣ ಅನ್ನುತ್ತಾಳೆ, ಊಟ ಮಾಡಿ ಬಸ್ಸು ಹತ್ತುತ್ತಾಳೆ, ಮುಂದಿನ ತಿಂಗಳು ಬರುತ್ತಾಳೆ. ಪಕ್ಕದಲ್ಲೇ ಹಿಂಬದಿಯ ಫುಟ್‌ರೆಸ್ಟ್, ಮಡಚಿಕೊಂಡಿದೆ, ವರ್ಷದಿಂದ ಯಾರೂ ತೆರೆದಿಲ್ಲ, ಆಸ್ಪತ್ರೆಯ ಗೇಟಿನಲ್ಲಿ ಗಾಡಿ ನಿಲ್ಲಿಸಿ ಇವರು ಹಿಂದೆ ತಿರುಗದೆಯೇ ಹಿಮ್ಮಡಿಯಿಂದ ಟಕ್ ಟಕ್ ಎಂದು ಎರಡನ್ನೂ ತೆರೆಯುತ್ತಿದ್ದರು, ಹತ್ತು ಎಂದು ಬಾಯಿಬಿಟ್ಟು ಹೇಳಿದವರಲ್ಲ, ಆ ಟಕ್ ಟಕ್ ಅಂದರೇ ಹತ್ತು. ನಾನು ಓಡಿಸಲು ಕಲಿಯಲೇ ಇಲ್ಲ, ಕಲಿಯಬೇಕೆಂದು ಅನಿಸಲೂ ಇಲ್ಲ, ಇವರ ಬೆನ್ನಿನ ಹಿಂದೆ ಗಾಳಿ ಬೀಸುತ್ತಿರಲಿಲ್ಲ. ತೆರೆದ ಗಾಯ ಹಾಗೇ ಬಿಟ್ಟು ಎದ್ದು ಹೋಗುವುದು ಈ ಕೈಗೆ ಗೊತ್ತಿಲ್ಲ, ಏನು ಮಾಡಲಿ, ಹೊಸ ರಿಂಗು ಕೂರಿಸಿದೆ, ಆ ನಟ್ಟು ಸ್ವಲ್ಪ ಈ ನಟ್ಟು ಸ್ವಲ್ಪ, ಸಮನಾಗಿ ಬಿಗಿದೆ, ಸ್ಕ್ರೂ ಮೊದಲಿದ್ದ ಜಾಗಕ್ಕೆ ತಿರುಗಿಸಿದೆ, ಈ ಸಲ ಪೈಪಿನ ಬಾಯಿ ಬಿಟ್ಟು ಕೆಳಗೆ ಮಾತ್ರ ಪಟ್ಟಿ ಕಟ್ಟಿದೆ. ಕಿಕ್ಕರ್. ಗುಡುಗುಡು. ಕೈ ಬಿಟ್ಟೆ, ಟಪ್ ಇಲ್ಲ, ಸದ್ದು ಮೆಲ್ಲಗೆ ಇಳಿಯಿತು, ನಿಲ್ಲಲಿಲ್ಲ, ಅಳು ಬಂತು.

ಅಯ್ಯೋ ಅಮ್ಮಾ, ಬೀದಿ ತುದಿಗೇ ಕೇಳಿಸ್ತು, ಅಪ್ಪನೇ ಬಂದ್ರು ಅನ್ಕೊಂಡೆ — ಬಂದಳು, ಕೈಗೆ ಮಸಿ ಏನಮ್ಮ ಇದು ಎಂದಳು, ಊಟದ ತಟ್ಟೆ ತೊಳೆಯುವ ಮೊದಲೇ ಬ್ಯಾಗು ಬೆನ್ನಿಗೇರಿತು, ಕತ್ತಲಾಗೋದ್ರೊಳಗೆ ಸೇರ್ಕೋಬೇಕು. ಗೇಟಿನಲ್ಲಿ ಸ್ಟಾರ್ಟ್ ಮಾಡಿ ಕೂತಳು, ಬ್ಯಾಗು ಮುಂದಕ್ಕೆ ಹಾಕಿಕೊಂಡಳು, ಹಿಂದೆ ತಿರುಗಲಿಲ್ಲ, ಹಿಮ್ಮಡಿಯಿಂದ ಟಕ್, ಟಕ್, ಯಾರು ಕಲಿಸಿದರು ಇವಳಿಗೆ, ಬಾಮ್ಮ ಒಂದು ಸುತ್ತು ಹೊಡ್ಕೊಂಡು ಬರೋಣ. ಹತ್ತಿದೆ. ಅಂಗಡಿಸಾಲು ದಾಟಿ, ನೀರಿನ ಟ್ಯಾಂಕು ಬಳಸಿ, ಅವಳ ಬೆನ್ನಿನ ಹಿಂದೆಯೂ ಗಾಳಿ ಬೀಸುವುದಿಲ್ಲ, ಮೀನಖಂಡ ಪೈಪಿಗೆ ತಾಗಿತು, ಬೆಚ್ಚಗಿತ್ತು, ಸುಡಲಿಲ್ಲ, ಇನ್ನೊಂದು ಸುತ್ತು ಅನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಗೇಟು ಬಂದೇಬಿಟ್ಟಿತು. ಇಳಿದೆ. ಬರ್ತೀನಮ್ಮ, ಹುಷಾರು. ಯಾವಾಗ ಬರ್ತೀ ಎಂದು ಕೇಳಲಿಲ್ಲ, ಕೇಳಬೇಕಿತ್ತು, ಗಾಡಿ ಚೆನ್ನಾಗಿ ಓಡುತ್ತಿದೆ, ಒಂದು ಟಪ್ ಇಲ್ಲ, ಬೀದಿಯ ತುದಿಯ ತನಕ ಕಾಣುತ್ತದೆ, ಫುಟ್‌ರೆಸ್ಟ್ ಮಡಚುವುದನ್ನು ಮರೆತಳು, ಮಡಚೇ ಎಂದು ಕೂಗಿದರೆ ಈಗ ಕೇಳಿಸದು, ಎರಡೂ ತೆರೆದೇ ಇವೆ, ಈ ಕಡೆ ಒಂದು, ಆ ಕಡೆ ಒಂದು, ಮೇಲೆ ಕಾಲಿಲ್ಲ — ತೆರೆದೇ ಇವೆ, ತಿರುವಿನಲ್ಲೂ, ತೆರೆದೇ