ರನ್‌ವೇ ಮೇಲೆ ಎರಡು ಕತ್ತೆ

ಆ ಸಣ್ಣ ವಿಮಾನ ನಿಲ್ದಾಣದಲ್ಲಿ ಪ್ರತಿ ವಿಮಾನ ಇಳಿಯುವ ಮುನ್ನ ರನ್‌ವೇ ಉದ್ದಕ್ಕೂ ಜೀಪು ಓಡಿಸಿ, ಕಲ್ಲು, ಹಕ್ಕಿ, ಪ್ರಾಣಿ ಏನಾದರೂ ಇದೆಯೇ ಎಂದು ನೋಡುವುದು ಅವಳ ಕೆಲಸ. ಕ್ಯಾಂಟೀನಿನವರಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಜೀಪಕ್ಕ.

ಅಂದು ಬೆಳಿಗ್ಗೆ ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುತ್ತಿದ್ದ ಸಾಹೇಬರು ಹೊಸಬರು. ದೊಡ್ಡ ನಿಲ್ದಾಣದಿಂದ ವರ್ಗವಾಗಿ ಬಂದಿದ್ದರು. ವಿಮಾನವೊಂದು ಹತ್ತಿರ ಬಂದಿತ್ತು. ವೈರ್‌ಲೆಸ್‌ನಲ್ಲಿ ಜೀಪಕ್ಕನ ದನಿ ಕೇಳಿತು.

"ಸಾರ್, ರನ್‌ವೇ ಮೇಲೆ ಎರಡು ಕತ್ತೆ ಕೂತಿವೆ. ಒಂದ್ನಿಮಿಷ, ಓಡಿಸ್ತೀನಿ."

ಸಾಹೇಬರು ಮೈಕ್ ಸೆಳೆದುಕೊಂಡರು. ವಿಮಾನಕ್ಕೆ, ಇಳಿಯದೆ ಇನ್ನೊಂದು ಸುತ್ತು ಹಾಕಿ ಎಂದರು. ಅಗ್ನಿಶಾಮಕ ದಳದ ಮೇಸ್ತ್ರಿಗೆ ಫೋನು ಮಾಡಿ, ಹಗ್ಗ ತಗೊಂಡು ಓಡಿ ಎಂದರು.

"ಕತ್ತೆಗೆ ಹಗ್ಗ ಯಾಕೆ ಸಾರ್?" ಎಂದ ಮೇಸ್ತ್ರಿ.

"ಮತ್ತೆ ಕಟ್ಟೋದು ಹೇಗ್ರೀ?"

"ಕಟ್ಟಿ ಏನ್ಮಾಡೋದು? ಚಪ್ಪಾಳೆ ತಟ್ಟಿದ್ರೆ ಓಡ್ತವೆ."

ಅಷ್ಟರಲ್ಲಿ ರನ್‌ವೇ ಖಾಲಿ ಎಂದು ಜೀಪಕ್ಕ ತಿಳಿಸಿದಳು. ವಿಮಾನ ಕ್ಷೇಮವಾಗಿ ಇಳಿಯಿತು. ಇಲ್ಲಿ ಕತ್ತೆ ಎಂದರೆ ಮೊಲ ಎಂದು ಮೇಸ್ತ್ರಿಯಿಂದ ಗೊತ್ತಾದ ಸಾಹೇಬರು ಮುಖ ಗಂಟಿಕ್ಕಿಕೊಂಡು ಕೆಳಗೆ ಜೀಪಕ್ಕನ ಬಳಿ ಬಂದರು.

"ನಾಳೆ ನೀವು ಆನೆ ಅಂತೀರಿ. ನಾನು ಇರುವೆ ಅಂತ ತಿಳ್ಕೋಬೇಕಾ?"

"ತಪ್ಪಾಯ್ತು ಸಾರ್. ಪೂರ್ತಿ ಹೆಸರು ಕತ್ತೆಮೊಲ. ಇಲ್ಲಿಯವರ ಬಾಯಲ್ಲಿ ಅರ್ಧ ಉದುರಿಹೋಗಿದೆ."

"ಮೊಲಕ್ಕೆ ಕತ್ತೆ ಅಂತ ಯಾಕ್ರೀ ಹೆಸರು?"

"ಬನ್ನಿ, ತೋರಿಸ್ತೀನಿ."

ಬೇಲಿಯ ಹತ್ತಿರ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಹುಲ್ಲಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಸ್ವಲ್ಪ ಹೊತ್ತಿಗೆ ಹುಲ್ಲಿನ ಮೇಲೆ ಎರಡು ಉದ್ದ ಕಿವಿಗಳಷ್ಟೇ ಎದ್ದು ನಿಂತವು. ತುದಿ ಕಪ್ಪು. ಮೈ ಕಾಣಲಿಲ್ಲ.

"ಅಯ್ಯೋ, ಥೇಟು ಕತ್ತೆಮರಿ!" ಎಂದರು ಸಾಹೇಬರು, ಪಿಸುಮಾತಿನಲ್ಲಿ.

"ನಮ್ಮಪ್ಪ ಇಲ್ಲೇ ಹುಲ್ಲು ಕೊಯ್ಯೋರು. ಹೊಸದಾಗಿ ಕೆಲಸಕ್ಕೆ ಬಂದಾಗ ಈ ಕಿವಿ ನೋಡಿ, ಕತ್ತೆಮರಿ ತಪ್ಪಿಸ್ಕೊಂಡಿದೆ ಅಂತ ಹಿಡಿಯೋಕೆ ಹೋದ್ರಂತೆ. ಆ ಹೆಸರು ತಾವೇ ಇಟ್ಟಿದ್ದು ಅಂತ ಕೊನೇವರೆಗೂ ಹೇಳ್ತಿದ್ರು."

"ನಿಜಾನಾ?"

"ಅಜ್ಜಿ ಒಪ್ತಿರಲಿಲ್ಲ. ನೀನು ಹುಟ್ಟೋಕೆ ಮುಂಚೇನೇ ಊರೆಲ್ಲ ಹಾಗೇ ಕರೀತಿತ್ತು ಕಣೋ, ನಿನ್ನಂಥ ಪೆದ್ದರು ಎಷ್ಟು ಜನ ಬಂದುಹೋದ್ರೋ ಅಂತ ಬೈಯೋಳು."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಆ ಸದ್ದಿಗೆ ಮೊಲ ಹಾರಿತು. ಕಣ್ಣು ಮಿಟುಕಿಸುವುದರೊಳಗೆ ಮೈದಾನದ ಆಚೆ ತುದಿಯಲ್ಲಿತ್ತು.

"ಆ ಪೆದ್ದರ ಲೆಕ್ಕಕ್ಕೆ ನನ್ನನ್ನೂ ಸೇರಿಸ್ಕೊಳ್ಳಿ. ಆದ್ರೆ ವೈರ್‌ಲೆಸ್‌ನಲ್ಲಿ ಮಾತ್ರ ಮೊಲ ಅನ್ನಿ," ಎಂದರು.

"ಆಗ್ಲಿ ಸಾರ್," ಎಂದಳು ಜೀಪಕ್ಕ. ಅಪ್ಪನ ವಿಷಯ ಆಫೀಸಿನಲ್ಲಿ ಅವಳು ಯಾರೊಂದಿಗೂ ಮಾತಾಡಿದವಳಲ್ಲ. ಇವತ್ತು ಆಡಿ ಮನಸ್ಸು ಹಗುರಾಗಿತ್ತು. ಅವಳು ಎಂಜಿನ್ ಚಾಲು ಮಾಡಲಿಲ್ಲ, ಸಾಹೇಬರೂ ಅವಸರಿಸಲಿಲ್ಲ.